ಎರಡು ಲಕ್ಷ ಪುಸ್ತಕ, ಒಂದು ಪಾಸ್‌ವರ್ಡ್

ವರ್ಷಕ್ಕೆ 5,900 ರೂಪಾಯಿ. ಜಿಎಸ್‌ಟಿ ಸೇರಿಸಿ ಇಷ್ಟು ಕಟ್ಟಿದರೆ ವಿಜಯಪುರದ ದೊಡ್ಡ ಕಾಲೇಜಿಗೂ ತಿಕೋಟಾ, ಬಬಲೇಶ್ವರದಂಥ ಊರಿನ ಪದವಿ ಕಾಲೇಜಿಗೂ ಇನ್‌ಫ್ಲಿಬ್‌ನೆಟ್ ಕೇಂದ್ರದ ‘ಎನ್‌-ಲಿಸ್ಟ್’ ಎಂಬ ಇ-ಗ್ರಂಥಾಲಯ ಚಂದಾ ಸಮನಾಗಿ ಸಿಗುತ್ತದೆ: 6,000ಕ್ಕೂ ಹೆಚ್ಚು ಇ-ಜರ್ನಲ್, 1,99,500ಕ್ಕೂ ಹೆಚ್ಚು ಇ-ಪುಸ್ತಕ, ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯದ ಮೂಲಕ ಇನ್ನೂ ಆರು ಲಕ್ಷ. ಒಂದೇ ವಿದೇಶಿ ಗ್ರಂಥಕ್ಕೆ ಇಷ್ಟು ದುಡ್ಡು ಹೋಗುವ ಕಾಲದಲ್ಲಿ ಇದು ಅಗ್ಗವೇ ಸರಿ. ಇ-ಪುಸ್ತಕಕ್ಕೆ ಹಣವಿಲ್ಲ ಎಂಬ ನೆಪ ಕಲಾ, ವಿಜ್ಞಾನ, ವಾಣಿಜ್ಯ ಕಾಲೇಜುಗಳಲ್ಲಿ ಇನ್ನು ನಡೆಯದು.

ಇದರ ದೊಡ್ಡ ಗುಣ ಅಗ್ಗದ ಬೆಲೆಯಲ್ಲ, ಲಾಗಿನ್. ಹಳ್ಳಿಯಿಂದ ಓಡಾಡುವ ಹುಡುಗಿಗೆ ಲೈಬ್ರರಿ ಅಂದರೆ ಕೊನೆಯ ತಾಸು ಮುಗಿದು ಊರ ಬಸ್ಸು ಬರುವವರೆಗಿನ ಅವಸರದ ಹೊತ್ತು. ಎನ್‌-ಲಿಸ್ಟ್ ಖಾತೆ ಅವಳ ಹೆಸರಿಗೇ ಇರುತ್ತದೆ, ರಾತ್ರಿ ಮನೆಯಲ್ಲಿ ಕೂತೂ ತೆರೆಯಬಹುದು. ಇದನ್ನು ಒಪ್ಪಿಕೊಂಡೇ ಮುಂದಿನ ತಕರಾರು.

ತೆರೆದ ಮೇಲೆ ಏನು ಸಿಗುತ್ತದೆ? ಕೇಂಬ್ರಿಜ್, ಆಕ್ಸ್‌ಫರ್ಡ್, ಸೇಜ್, ಸ್ಪ್ರಿಂಗರ್. ಭೌತಶಾಸ್ತ್ರದ ಅಧ್ಯಾಪಕರಿಗೆ, ಸಂಶೋಧನೆ ಮಾಡುವವರಿಗೆ ಇದು ಭಂಡಾರ. ಇತಿಹಾಸ, ಸಮಾಜಶಾಸ್ತ್ರ ಓದಿ ಕನ್ನಡದಲ್ಲೇ ಪರೀಕ್ಷೆ ಬರೆಯುವ ಬಿ.ಎ. ವಿದ್ಯಾರ್ಥಿಗೆ ಮಾತ್ರ ಅದು ಬರೀ ಪಾಸ್‌ವರ್ಡ್. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿ ಇ-ಪುಸ್ತಕದ ಚಂದಾ ಇದೆಯೇ ಎಂದು ಕೇಳುತ್ತದೆ. ಇದೆ ಎಂದು ಕಡತ ತೋರಿಸಿದರೆ ಕೆಲಸ ಮುಗಿಯಿತು ಅಂದುಕೊಳ್ಳುವವರೇ ಹೆಚ್ಚು.

ಹಾಗಾದರೆ ಕನ್ನಡದ ಇ-ಪುಸ್ತಕ? ಇಲ್ಲವೆಂದಲ್ಲ. ಆದರೆ ಬಹುಪಾಲು ಅಚ್ಚಿನ ಹಾಳೆಯ ಫೋಟೋಗಳೇ. ಅಗಲದ ಪುಟ ಮೊಬೈಲಿನಲ್ಲಿ ಇರುವೆ ಸಾಲಿನಂತೆ ಕಾಣುತ್ತದೆ. ದೊಡ್ಡದು ಮಾಡಿದರೆ ಪ್ರತಿ ಸಾಲಿಗೂ ಪುಟವನ್ನು ಬಲಕ್ಕೆ ಎಳೆಯಬೇಕು, ಮತ್ತೆ ಎಡಕ್ಕೆ ಎಳೆಯಬೇಕು. ನಾಲ್ಕು ಪುಟಕ್ಕೆ ಹೆಬ್ಬೆರಳು ಸೋಲುತ್ತದೆ. ಇನ್ನು ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟಿನಲ್ಲಿ ಟೈಪಾದ ಪಿಡಿಎಫ್ ನೋಡಲು ಅಂದ. ಅದರಲ್ಲಿ ‘ಆದಿಲಶಾಹಿ’ ಎಂದು ಹುಡುಕಿ, ಪುಸ್ತಕದ ತುಂಬ ಆದಿಲಶಾಹಿಗಳೇ ಇದ್ದರೂ ಒಂದೂ ಸಿಗದು. ಒಂದು ಪ್ಯಾರಾ ನಕಲು ಮಾಡಿ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಸೊಟ್ಟ ಚಿಹ್ನೆಗಳ ಕಲಸುಮೇಲೋಗರ ಕೈಗೆ ಬರುತ್ತದೆ. ಹುಡುಕಲಾಗದ, ಅಕ್ಷರ ಹಿಗ್ಗಿಸಲಾಗದ ಇದನ್ನು ಇ-ಪುಸ್ತಕವೆಂದು ಲೆಕ್ಕಕ್ಕೆ ಹಿಡಿಯುವುದು ಆತ್ಮವಂಚನೆ.

ಒಳ್ಳೆಯ ಮಾದರಿ ದೂರದ್ದೇನಲ್ಲ. ‘ವಚನ ಸಂಚಯ’ ಜಾಲತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ವಚನಗಳು ಯೂನಿಕೋಡ್‌ನಲ್ಲಿವೆ. ‘ಕಾಯಕ’ ಎಂದು ಕೊಟ್ಟರೆ ಆ ಮಾತು ಬಂದ ವಚನಗಳು ವಚನಕಾರರ ಹೆಸರಿನೊಡನೆ ಎದುರಿಗೆ ಬರುತ್ತವೆ. ಮುದ್ರಿತ ಸಂಪುಟಗಳಲ್ಲಿ ಇದನ್ನೇ ಮಾಡಲು ವಾರಗಟ್ಟಲೆ ಕೂರಬೇಕು. ವಚನದ ವಿಷಯದಲ್ಲಿ ವಿಜಯಪುರಕ್ಕೆ ಒಂದು ಹಕ್ಕೂ ಇದೆ: ಊರೂರು ತಿರುಗಿ ತಾಡೋಲೆ ಕೂಡಿಸಿದ ಫ.ಗು. ಹಳಕಟ್ಟಿಯವರು 1925ರಲ್ಲಿ ಇಲ್ಲೇ ಹಿತಚಿಂತಕ ಮುದ್ರಣಾಲಯ ತೆರೆದರು, ಮರುವರ್ಷ ‘ಶಿವಾನುಭವ’ ಪತ್ರಿಕೆ ಹೊರಡಿಸಿದರು. ಅವರ ಕೈಯಲ್ಲಿ ಮೊದಲು ಕನ್ನಡದ ಪಠ್ಯವಿತ್ತು, ಅದಕ್ಕಾಗಿ ಯಂತ್ರ ಬಂತು. ನಮ್ಮ ಲೈಬ್ರರಿಗಳಲ್ಲಿ ಯಂತ್ರ ಬಂದು ಕೂತಿದೆ, ಪಠ್ಯ ಬರಬೇಕಿದೆ.

ದಿಲ್ಲಿಯಿಂದ ಅದು ಬರುವ ಲಕ್ಷಣವಿಲ್ಲ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಅದೂ ಜರ್ನಲ್‌ಗಳಿಗೆ, ಸರ್ಕಾರಿ ಸಂಸ್ಥೆಗಳಿಗೆ.

ಹಾಗಾಗಿ ಧಾರವಾಡ, ಹಂಪಿ ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು ತಮ್ಮ ಪುಸ್ತಕಗಳನ್ನು ಯೂನಿಕೋಡ್‌ನಲ್ಲಿ, ಪರದೆಗೆ ತಕ್ಕಂತೆ ಹೊಂದುವ ಇ-ಪಬ್ ರೂಪದಲ್ಲಿ ಕೊಡಲಿ ಎಂದು ಇಲ್ಲಿನ ಕಾಲೇಜುಗಳೂ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವೂ ಕೂಡಿ ಪಟ್ಟು ಹಿಡಿಯಬಹುದು. ಎನ್‌-ಲಿಸ್ಟ್ ನವೀಕರಣದ ಕಾಗದಕ್ಕೆ ಸಹಿ ಹಾಕುವ ಮುಂಚೆ, ಯಾವ ವಿಭಾಗದವರು ಎಷ್ಟು ಸಲ ಲಾಗಿನ್ ಆದರು ಎಂದು ಲೈಬ್ರರಿ ಕಮಿಟಿ ಕೇಳಲಿ. ಇ-ಪುಸ್ತಕ ಬಂದವಲ್ಲ ಎಂದು ಕನ್ನಡದ ಅಚ್ಚಿನ ಪುಸ್ತಕಗಳ ಖರೀದಿಗೆ ಕತ್ತರಿ ಹಾಕುವ ಪ್ರಸ್ತಾಪ ಅದೇ ಸಭೆಗೆ ಬಂದರೆ, ಆ ಲೆಕ್ಕ ಕೈಗೆ ಬರುವವರೆಗೆ ಅದನ್ನು ತಡೆಹಿಡಿಯಲಿ.