ಹಿಡಿಯ ಮೇಲಿನ ಸಿಂಹ ಯಾವ ಊರಿನದು?

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ 16ನೇ ಶತಮಾನದ ಉತ್ತರಾರ್ಧದ ಬಾಕೊಂದಿದೆ. ಅಲಗು ಉಕ್ಕಿನದು. ಹಿಡಿ ತಾಮ್ರದ ಎರಕ. ಮೇಲೆ ಚಿನ್ನದ ಮುಲಾಮು, ಅಲ್ಲಲ್ಲಿ ಮಾಣಿಕ್ಯ. ಹಿಡಿಗೆ ಬಾಲ ಸುತ್ತಿಕೊಂಡ ಡ್ರ್ಯಾಗನ್ ಸಿಂಹದ ಮೇಲೆರಗಿದೆ, ಸಿಂಹ ಜಿಂಕೆಯ ಮೇಲೆ. ಇಷ್ಟೊಂದು ಮೃಗಗಳ ನಡುವೆ ಹಿಡಿಯುವವನ ಬೆರಳಿಗೆ ಜಾಗವೆಲ್ಲಿ ಎನಿಸುವಷ್ಟು ಗದ್ದಲ.

ಇದು ಬಿಜಾಪುರದ್ದು ಎನ್ನುತ್ತಾರೆ. ನಾನೂ ಒಪ್ಪುತ್ತೇನೆ, ಆದರೆ ಮೃಗಗಳ ಮಾತು ಕೇಳಿ ಅಲ್ಲ. ಒಂದರ ಮೇಲೊಂದು ಎರಗುವ ಪ್ರಾಣಿಗಳು ವಿಜಯನಗರದ ಗುಡಿಗಂಬಗಳಲ್ಲಿವೆ, ಇರಾನಿನ ಚಿತ್ರಗಳಲ್ಲೂ ಇವೆ. ಅಲಂಕಾರಕ್ಕೆ ಗಡಿ ಸುಂಕವಿಲ್ಲ. ಬಿಜಾಪುರದ ಪರ ನಿಲ್ಲುವ ಗಟ್ಟಿ ಸಾಕ್ಷಿ ಒಂದು ಭಾವಚಿತ್ರ: ವಾಷಿಂಗ್ಟನ್ನಿನಲ್ಲಿರುವ ಆ ಚಿತ್ರದಲ್ಲಿ ಬಿಜಾಪುರದ ಸುಲ್ತಾನ ಒಂದನೆಯ ಅಲಿ ಆದಿಲ್ ಶಾಹ ಇದೇ ಬಗೆಯ ಹಿಡಿಯ ಬಾಕನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾನೆ. ಅದೂ ಹೇಳುವುದು ಇಂಥದ್ದನ್ನು ಯಾರು ಧರಿಸುತ್ತಿದ್ದರು ಎಂದಷ್ಟೇ. ಎರಕ ಹೊಯ್ದವನು ಎಲ್ಲಿಯವನು, 1565ರ ಯುದ್ಧದ ನಂತರ ವಿಜಯನಗರದಿಂದ ಬಂದವನೋ ಅಲ್ಲವೋ, ಚಿತ್ರಕ್ಕೆ ಗೊತ್ತಿಲ್ಲ.

ಹರಾಜಿನ ಕ್ಯಾಟಲಾಗುಗಳಿಗೆ ಈ ಅಳುಕೇ ಇಲ್ಲ. ಚಿನ್ನದ ಬಳ್ಳಿ ಕಂಡರೆ ಮೊಘಲ್, ಯಾಳಿಯೆಂಬ ಕಲ್ಪಿತ ಮೃಗ ಕಂಡರೆ ದಖ್ಖನ್. ನನ್ನ ತಕರಾರು ಇಲ್ಲೇ. ಬಳ್ಳಿಯ ಚಂದ ನೋಡುವ ಮುಂಚೆ ಭೂತಗನ್ನಡಿ ಹಿಡಿದು ಚಿನ್ನ ಹೇಗೆ ಕೂತಿದೆ ಎಂದು ನೋಡಬೇಕು. ಕೋಫ್ತ್‌ಗರಿಯಲ್ಲಿ ಉಕ್ಕಿನ ಮೈಯನ್ನು ಅಡ್ಡಡ್ಡ, ಉದ್ದುದ್ದ ಸಣ್ಣ ಗೀರುಗಳಿಂದ ಒರಟು ಮಾಡಿ, ಚಿನ್ನದ ತಂತಿಯನ್ನು ಅದರ ಮೇಲಿಟ್ಟು ಬಡಿದು ಕೂರಿಸುತ್ತಾರೆ. ಚಿನ್ನ ಸವೆದಲ್ಲಿ ಗೀರು ಹಾಗೇ ಇಣುಕುತ್ತದೆ. ತೆಹ್‌ನಿಶಾನ್ ಬೇರೆ: ಉಕ್ಕಿನಲ್ಲಿ ಕಾಲುವೆ ತೋಡಿ ಚಿನ್ನ ತುಂಬುವ, ಬಹುಕಾಲ ಬಾಳುವ ಕೆಲಸ. ಎರಡೂ ಒಂದೇ ಬಾಕಿನಲ್ಲಿ ಕಂಡರೆ ಎರಡು ಕೈ, ಬಹುಶಃ ಎರಡು ಕಾಲ ಎಂದು ಅನುಮಾನಿಸಬೇಕು. 19ನೇ ಶತಮಾನದಲ್ಲಿ ಸಿಯಾಲ್‌ಕೋಟ್ ಮತ್ತು ಪಂಜಾಬಿನ ಗುಜರಾತ್ ಪಟ್ಟಣಗಳ ಕೋಫ್ತ್‌ಗರಿಗೆ ವಿದೇಶಿ ಪ್ರದರ್ಶನಗಳಲ್ಲಿ ಗಿರಾಕಿಗಳಿದ್ದರು. ಹಳೆಯ ಅಲಗಿಗೆ ಹೊಸ ಚಿನ್ನ ಹೊದಿಸಿದ ಮೇಲೆ ಚಿನ್ನ ನೋಡಿ ಅಲಗಿನ ಊರು ಹೇಳುವುದು, ರಟ್ಟು ನೋಡಿ ಕವಿಯ ಊರು ಹೇಳಿದಂತೆ.

ಹಾಗೆಂದು ಲೋಹದ ಕೆಲಸ ಏನನ್ನೂ ಹೇಳುವುದಿಲ್ಲವೆಂದಲ್ಲ. ಕೊಡಗಿನ ಪೀಚೆಕತ್ತಿಯನ್ನೂ ಮಲಬಾರಿನ ಮಾಪಿಳ್ಳೆಗಳ ಪಿಚಾಂಗತ್ತಿಯನ್ನೂ ಪಕ್ಕಪಕ್ಕ ಇಡಿ. ಅಗಲವಾದ ಒಂದೇ ಬಾಯಿಯ ಅಲಗು, ಬೆಳ್ಳಿ ಕಟ್ಟಿದ ಒರೆ, ಸರಪಳಿ, ಅಣ್ಣತಮ್ಮಂದಿರೇ. ಬೆಳ್ಳಿಯ ಹೂಬಳ್ಳಿ ಒಂದನ್ನೇ ನಂಬಿದರೆ ಇವನ್ನು ಬೇರ್ಪಡಿಸುವುದು ಕಷ್ಟ. ಹಿಡಿಯ ತುದಿಯ ಗಿಳಿ ಕೊಡಗಿನತ್ತ ಕೈ ತೋರುತ್ತದೆ. ಕುಪ್ಯ ಎಂಬ ಉದ್ದಂಗಿಯ ಮೇಲೆ ಕಟ್ಟಿದ ಚೇಲೆಗೆ, ಅಂದರೆ ಸೊಂಟದ ಪಟ್ಟಿಗೆ, ಅದನ್ನು ಇಂದಿಗೂ ಸಿಕ್ಕಿಸಿಕೊಳ್ಳುವವರು ಇರುವುದರಿಂದ ಆ ಸೂಚನೆಯನ್ನು ಒರೆಗೆ ಹಚ್ಚಿ ನೋಡಬಹುದು. ಬಿಜಾಪುರದ ಬಾಕಿಗೆ ಆ ಅನುಕೂಲವಿಲ್ಲ. ಅದರ ಚೀಟಿಯಲ್ಲಿ ಹಿಡಿಗೊಂದು ಸಾಲು, ಅಲಗಿಗೊಂದು ಸಾಲು ಬೇರೆಬೇರೆ ಬರೆದು, ಯಾವುದಕ್ಕೆ ಯಾವ ಸಾಕ್ಷಿ ಎಂದು ತಿಳಿಸಿದರೆ ನೋಡುವವರಿಗೆ ಉಪಕಾರವಾದೀತು.