ಹಿಂಡಲಾರದ ಜಾಣ

ಬಟ್ಟೆ ಒಗೆಯುವ ಯಂತ್ರಗಳ ಬಗ್ಗೆ ಒಂದು ತೀರ್ಮಾನ ಯಾರೂ ಪ್ರಶ್ನಿಸದೆಯೇ ಗಟ್ಟಿಯಾಗಿಬಿಟ್ಟಿದೆ: ಕೈಲಾಗದವರಿಗೆ ಸೆಮಿ ಆಟೋಮ್ಯಾಟಿಕ್, ಸ್ವಲ್ಪ ಅನುಕೂಲಸ್ಥರಿಗೆ ಟಾಪ್ ಲೋಡ್, ತಿಳಿದವರಿಗೆ ಫ್ರಂಟ್ ಲೋಡ್. ಅಂಗಡಿಯವರು ಹೀಗೆ ಹೇಳಿದರೆ ಅದು ಅವರ ವ್ಯಾಪಾರ. ಆದರೆ ಯಂತ್ರಗಳನ್ನು ಪರೀಕ್ಷಿಸಿ ಬರೆಯುವವರು, ವಿಡಿಯೊ ಮಾಡುವವರು ಕೂಡ ಈ ಶ್ರೇಣಿಯನ್ನು ಕಣ್ಣುಮುಚ್ಚಿ ಒಪ್ಪಿಕೊಂಡು ಅದರೊಳಗೇ ಅಂಕ ಹಂಚುತ್ತ ಕೂತಿದ್ದಾರೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಈ ಶ್ರೇಣಿ ನಡೆದೀತು. ಅಲ್ಲಿ ಮೇಲಂತಸ್ತಿನ ಟ್ಯಾಂಕಿನಿಂದ ನೀರು ರಭಸವಾಗಿ ಇಳಿಯುತ್ತದೆ, ಕರೆಂಟು ಹೋದರೆ ಜನರೇಟರ್ ಏಳುತ್ತದೆ, ಬಾಲ್ಕನಿಗೆ ಬಿಸಿಲು ಬೀಳುತ್ತದೆ. ಈ ಮೂರನ್ನೂ ಲೆಕ್ಕಕ್ಕಿಟ್ಟೇ ಫ್ರಂಟ್ ಲೋಡಿಗೆ ಐದು ನಕ್ಷತ್ರ ಕೊಡುವುದು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟದ ಮನೆಗೆ ಬಂದಾಗ ಅದೇ ಯಂತ್ರ ಎಷ್ಟು ನಕ್ಷತ್ರಕ್ಕೆ ಬಾಳುತ್ತದೆ ಎಂದು ಕೇಳಿದವರಿಲ್ಲ.

ಶಿರಸಿಯಲ್ಲಿ ವರ್ಷಕ್ಕೆ ಬೀಳುವ ಮಳೆ 2500 ಮಿಲಿಮೀಟರಿನ ಆಸುಪಾಸು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆರಿದ್ರೆ ಮಳೆಯಿಂದ ಆಶ್ಲೇಷದವರೆಗೆ ಶಿರಸಿ ಬಳಿಯ ಇಸಳೂರಿನ ಸುತ್ತಿನಲ್ಲಾಗಲಿ, ಘಟ್ಟದ ಅಂಚಿನ ಊರುಗಳಲ್ಲಾಗಲಿ, ಬಟ್ಟೆಯ ಕೊಳೆ ದೊಡ್ಡ ಸಮಸ್ಯೆಯೇ ಆಗುವುದಿಲ್ಲ. ತೋಟದ ಕೆಸರು ಎರಡು ನೀರಿಗೆ ಬಿಡುತ್ತದೆ. ಅಡಿಕೆಯ ಚೊಗರು ತಾಗಿದ ಕಲೆಯಂತೂ 60 ಡಿಗ್ರಿ ಬಿಸಿನೀರಿನ ಜಾಹೀರಾತಿಗೆ ಸೊಪ್ಪು ಹಾಕುವಂಥದ್ದಲ್ಲ. ಸಮಸ್ಯೆ ಇರುವುದು ಒಣಗುವುದರಲ್ಲಿ. ಅಂಗಳದ ಹಗ್ಗಕ್ಕೆ ಹಾಕುವಂತಿಲ್ಲ, ಜಗಲಿಯಲ್ಲಿ ಹರವಿದರೆ ಮೂರನೆಯ ದಿನಕ್ಕೆ ಮುಗ್ಗಲು ವಾಸನೆ, ಕೊನೆಗೆ ಬಚ್ಚಲೊಲೆಯ ಮೇಲಿನ ಗಳುವೇ ಗತಿ, ಹೊಗೆ ಹಿಡಿದರೂ ಸರಿ. ಇಂಥ ಕಡೆ ವಾಷಿಂಗ್ ಮಷೀನಿನ ಮುಖ್ಯ ಕೆಲಸ ಹಿಂಡುವುದು. ಒಗೆಯುವುದು ಅದಕ್ಕೆ ಪೀಠಿಕೆ. ಯಂತ್ರವನ್ನು ಅಳೆಯಬೇಕಾದದ್ದು ಇಲ್ಲಿ. ಅಳೆದರೆ ಶ್ರೇಣಿ ತಲೆಕೆಳಗಾಗುತ್ತದೆ.

ಫ್ರಂಟ್ ಲೋಡ್ ದುರ್ಬಲವಾಗಿ ಹಿಂಡುತ್ತದೆ ಎಂದು ಯಾರೂ ಹೇಳಲಾರರು. ಲೆಕ್ಕ ಹಾಕಿದರೆ, ಸುಮಾರು 24 ಸೆಂ.ಮೀ. ತ್ರಿಜ್ಯದ ಡ್ರಮ್ ನಿಮಿಷಕ್ಕೆ 1200 ಸುತ್ತು ತಿರುಗುವಾಗ ಬಟ್ಟೆಯ ಮೇಲೆ ಗುರುತ್ವದ 380 ಪಟ್ಟು ಬಲ ಬೀಳುತ್ತದೆ. 700 ಸುತ್ತಿನ ಟಾಪ್ ಲೋಡ್ 140ರ ಹತ್ತಿರವೇ ನಿಲ್ಲುತ್ತದೆ. ಆದರೆ ಆ 1200 ಸುತ್ತನ್ನು ಮುಟ್ಟುವ ಮೊದಲು ಯಂತ್ರ ತನಗೆ ತಾನೇ ಒಂದು ಪರೀಕ್ಷೆ ಇಟ್ಟುಕೊಂಡಿದೆ. ವಿಮರ್ಶಕರು ಅರ್ಧ ವಾಕ್ಯದಲ್ಲಿ ದಾಟಿಹೋಗುವ ಜಾಗ ಇದು. ಅಡ್ಡ ಮಲಗಿದ ಡ್ರಮ್ ನಿಮಿಷಕ್ಕೆ 60 ಸುತ್ತು ದಾಟುತ್ತಿದ್ದಂತೆ ಬಟ್ಟೆ ಕೆಳಗೆ ಬೀಳುವುದನ್ನು ಬಿಟ್ಟು ಗೋಡೆಗೆ ಅಂಟಿಕೊಳ್ಳುತ್ತದೆ. ಅಂಟಿಕೊಂಡಾಗ ಭಾರ ಸುತ್ತಲೂ ಸಮನಾಗಿ ಹಂಚಿದೆಯೇ ಎಂದು ಯಂತ್ರ ಮೋಟಾರಿನ ವೇಗದ ಏರಿಳಿತದಿಂದ ಊಹಿಸುತ್ತದೆ. ಹಂಚಿಲ್ಲವೆಂದು ಕಂಡರೆ ನಿಂತು, ಹೊರಳಿಸಿ, ಮತ್ತೆ ಯತ್ನಿಸುತ್ತದೆ. ಕೆಲವು ಯಂತ್ರಗಳು ಬಟ್ಟೆ ಬಿಡಿಸಿಕೊಳ್ಳಲೆಂದು ಮತ್ತೆ ನೀರನ್ನೇ ತುಂಬಿಕೊಳ್ಳುತ್ತವೆ. ಹೊರಗಿನ ಪರದೆಯ ಮೇಲೆ ಮಾತ್ರ ಉಳಿದಿರುವುದು ಅದೇ ನಾಲ್ಕು ನಿಮಿಷ. ಹಲವು ಯತ್ನ ಕೈಕೊಟ್ಟ ಮೇಲೆ ಒಂದೋ ಕಡಿಮೆ ವೇಗದಲ್ಲಿ ಶಾಸ್ತ್ರಕ್ಕೆ ಸುತ್ತಿ ಮುಗಿಸುತ್ತದೆ, ಇಲ್ಲವೇ ಎರಡಕ್ಷರದ ಸಂಕೇತ ಮಿನುಗಿಸಿ ಸೋಲೊಪ್ಪುತ್ತದೆ. ಯಾವ ಬಟ್ಟೆಗಳಿಗೆ ಹೀಗಾಗುತ್ತದೆ? ಒಂದೇ ಭಾರವಾದ ರಗ್ಗು, ಒಂಟಿ ಜೀನ್ಸ್, ಉಂಡೆಗಟ್ಟುವ ಹಾಸಿಗೆ ಹೊದಿಕೆ, ಅಂದರೆ ಮಳೆಗಾಲದಲ್ಲಿ ಯಂತ್ರದಿಂದಲೇ ಹಿಂಡಿಸಬೇಕಾದ ಬಟ್ಟೆಗಳಿಗೇ. 'ಸ್ಪಿನ್ ಮಾತ್ರ' ಎಂಬ ಆಯ್ಕೆ ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಅದೂ ಇದೇ ಪರೀಕ್ಷೆಯನ್ನು ದಾಟಬೇಕು. ತನ್ನ ಬೇರಿಂಗನ್ನು ಕಾಪಾಡಿಕೊಳ್ಳುವ ಹಕ್ಕು ಯಂತ್ರಕ್ಕಿದೆ, ಒಪ್ಪೋಣ. ಆದರೆ ಪಕ್ಕದಲ್ಲೇ ನಿಂತ ಮನುಷ್ಯ ಎರಡು ಕೈ ಹಾಕಿ ಸರಿಪಡಿಸಬಹುದಾದ ಅಸಮತೋಲನವನ್ನು ಬೀಗ ಹಾಕಿದ ಬಾಗಿಲ ಹಿಂದೆ ತಾನೊಬ್ಬನೇ ಬಗೆಹರಿಸುತ್ತೇನೆಂದು ಅರ್ಧ ತಾಸು ಒದ್ದಾಡುವ ವಿನ್ಯಾಸಕ್ಕೆ ಬುದ್ಧಿವಂತ ಎಂಬ ಬಿರುದು ಹೇಗೆ ಸಂದಿತು?

ಸೆಮಿಯ ಹಿಂಡುವ ಪುಟ್ಟ ತೊಟ್ಟಿಯನ್ನು, ಎಲ್ಲರೂ ಡ್ರೈಯರ್ ಎನ್ನುವುದನ್ನು, ಇದರ ಪಕ್ಕದಲ್ಲಿಟ್ಟು ನೋಡಬೇಕು. ತ್ರಿಜ್ಯ ಸಣ್ಣದು, 12 ಸೆಂ.ಮೀ. ಸುತ್ತಮುತ್ತ; ಆದರೆ ನೆಟ್ಟಗೆ ನಿಂತು 1300 ಸುತ್ತಿನಂತೆ ತಿರುಗುವುದರಿಂದ ಬಲ ಗುರುತ್ವದ 225 ಪಟ್ಟಿಗೆ ಬರುತ್ತದೆ, ಟಾಪ್ ಲೋಡಿಗಿಂತ ಎಷ್ಟೋ ಮೇಲು. ಇಲ್ಲಿ ಸಮತೋಲನದ ಪರೀಕ್ಷಕಿ ಬಟ್ಟೆ ಹಾಕುವಾಕೆಯೇ. ಸುತ್ತಲೂ ಒತ್ತಿ ಜೋಡಿಸಿ, ಮೇಲೆ ತಟ್ಟೆಯಂಥ ಮುಚ್ಚಳ ಅದುಮಿ, ಗುಂಡಿ ತಿರುಗಿಸುತ್ತಾಳೆ. ದಡಬಡ ಸದ್ದು ಬಂದರೆ ಹೊರಮುಚ್ಚಳ ಎತ್ತುತ್ತಾಳೆ. ಎತ್ತಿದ್ದೇ ತಂತಿಯೊಂದು ಸಡಿಲಿ, ಬ್ರೇಕ್ ಹಿಡಿದು ತೊಟ್ಟಿ ಕೆಲವೇ ಸೆಕೆಂಡಿನಲ್ಲಿ ನಿಲ್ಲುತ್ತದೆ. ಒಂದು ಟವೆಲ್ ಅತ್ತಿಂದಿತ್ತ ಸರಿಸಿದರೆ ಮುಗಿಯಿತು. ಅಲ್ಲಿ ಮೋಟಾರಿನ ಏರಿಳಿತ ಓದುವ ಸರ್ಕ್ಯೂಟು ಮಾಡಲು ಹೆಣಗುವ ಕೆಲಸವನ್ನು ಇಲ್ಲಿ ಕಿವಿ ಮತ್ತು ಕೈ ಅರ್ಧ ನಿಮಿಷದಲ್ಲಿ ಮಾಡುತ್ತವೆ. ಈ ವಿನ್ಯಾಸವನ್ನು ಹಳತು ಎನ್ನುವವರು ಅದರಲ್ಲಿ ಏನು ಕಡಿಮೆಯಾಗಿದೆ ಎಂದು ಹೇಳಿದ್ದನ್ನು ಎಲ್ಲೂ ಕಾಣೆ. ಬೆಲೆ ಕಡಿಮೆ ಎನ್ನುವುದೊಂದನ್ನು ಬಿಟ್ಟು.

ನೀರು, ಕರೆಂಟುಗಳ ಮಾತು ಬೇಗ ಮುಗಿಸಬಹುದು. ಸ್ವಯಂಚಾಲಿತ ಯಂತ್ರದ ಕವಾಟ ನೀರಿನ ಒತ್ತಡದಿಂದಲೇ ತೆರೆದುಕೊಳ್ಳುವಂಥದ್ದು, ಸಾಮಾನ್ಯವಾಗಿ 0.3 ಬಾರ್, ಅಂದರೆ ಸುಮಾರು ಮೂರು ಮೀಟರ್ ಎತ್ತರದ ನೀರು ಬೇಕು. ಮಂಗಳೂರು ಹಂಚಿನ ಇಳಿಜಾರು ಮಾಡಿನ ಮೇಲೆ ಟ್ಯಾಂಕ್ ಕೂರುವುದಿಲ್ಲ, ಹಿತ್ತಿಲ ಕಟ್ಟೆಯ ಮೇಲೆ ಕೂರುತ್ತದೆ. ಗುಡ್ಡದಿಂದ ಪೈಪಿನಲ್ಲಿ ಇಳಿಯುವ ಅಬ್ಬಿ ನೀರಿಗೆ ಒತ್ತಡವೇನೋ ಇದೆ, ಜೊತೆಗೆ ಮರಳು, ತರಗೆಲೆಯ ಪುಡಿ ಬಂದು ಕವಾಟದ ಜಾಲರಿ ಕಟ್ಟುತ್ತದೆ. ಕಡಿಮೆ ಒತ್ತಡದಲ್ಲೂ ತುಂಬುವ ಮಾದರಿಗಳು ಮಾರುಕಟ್ಟೆಯಲ್ಲಿವೆ ಎಂಬುದು ನಿಜ. ಹಾಗಾದರೆ ಉಳಿದವುಗಳಲ್ಲಿ ಇಲ್ಲದಿರುವುದು ವಿನ್ಯಾಸಕಾರರ ಆಯ್ಕೆ ಎಂದಾಯಿತು. ಇನ್ನು ಕಾಟನ್ ಕಾರ್ಯಕ್ರಮಕ್ಕೆ ಎರಡು ತಾಸು ಸಾಲದು; ಕಾಡಿನ ನಡುವಿನ ತಂತಿಯ ಮೇಲೆ ಕೊಂಬೆ ಬೀಳುವ ದಿನಗಳಲ್ಲಿ ಅಷ್ಟು ಹೊತ್ತು ಕರೆಂಟು ಇದ್ದೇ ಇರುತ್ತದೆಂದು ಯಾರು ಹೇಳಬೇಕು? ಹಿಂಡುವುದು ಕಾರ್ಯಕ್ರಮದ ಕಟ್ಟಕಡೆಯ ಘಟ್ಟವಾದ್ದರಿಂದ ಕರೆಂಟಿಗೆ ಮೊದಲು ಬಲಿಯಾಗುವುದೂ ಅದೇ. ಸೆಮಿಯಲ್ಲಿ ಒಗೆತ 15 ನಿಮಿಷ, ಹಿಂಡುವುದು 5. ಅದರ ಟೈಮರ್ ಕೀಲಿ ಕೊಡುವ ಸ್ಪ್ರಿಂಗಿನದು, ಕರೆಂಟು ಹೋದಾಗಲೂ ತನ್ನ ಪಾಡಿಗೆ ಟಿಕ್‌ಟಿಕ್ ಎಂದು ಓಡಿಬಿಡುತ್ತದೆ. ದೋಷವೇ ಸರಿ, ಮತ್ತೆ ತಿರುಗಿಸಿದರೆ ಪರಿಹಾರವೂ ಆಯಿತು.

ಗಟ್ಟಿ ಆಕ್ಷೇಪ ಬೇರೆಯೇ ಇದೆ. ಸೆಮಿಗೆ ಪಕ್ಕದಲ್ಲಿ ನಿಲ್ಲಬೇಕು, ಒದ್ದೆ ಬಟ್ಟೆ ಎತ್ತಿ ಹಾಕಬೇಕು, ಆ ನಿಲ್ಲುವವಳು ಯಾವಾಗಲೂ ಹೆಂಗಸೇ. ಸ್ವೀಡನ್ನಿನ ವೈದ್ಯ ಹಾನ್ಸ್ ರೋಸ್ಲಿಂಗ್ 2010ರ ತಮ್ಮ ಪ್ರಸಿದ್ಧ ಭಾಷಣದಲ್ಲಿ, ಯಂತ್ರ ಬಂದ ಮೇಲೆ ತಾಯಿಗೆ ಪುಸ್ತಕ ಓದಲು ಬಿಡುವಾಯಿತು ಎಂದು ವಾದಿಸಿದರು. ಅದೇ ವರ್ಷ ಅರ್ಥಶಾಸ್ತ್ರಜ್ಞ ಹಾ-ಜೂನ್ ಚಾಂಗ್ ಇಂಟರ್ನೆಟ್ಟಿಗಿಂತ ವಾಷಿಂಗ್ ಮಷೀನೇ ಜಗತ್ತನ್ನು ಹೆಚ್ಚು ಬದಲಿಸಿತೆಂದು ಬರೆದರು. ಅವರಿಗಿಂತ ಮೊದಲೇ, 1983ರಲ್ಲಿ, ತಂತ್ರಜ್ಞಾನದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ ಇಂಥ ಯಂತ್ರಗಳು ಶುಚಿತ್ವದ ಅಪೇಕ್ಷೆಯನ್ನೇ ಏರಿಸಿ ಹೆಂಗಸರ ದುಡಿಮೆಯನ್ನು ಉಳಿಸಿಬಿಟ್ಟವು ಎಂದು ತೋರಿಸಿದ್ದರು. ಈ ಇಬ್ಬದಿಯ ಜಗಳವನ್ನು ಇಲ್ಲಿಯವರು ಎಷ್ಟು ಉತ್ಸಾಹದಿಂದ ಎರವಲು ತರುತ್ತಾರೆಂದರೆ, ಎರಡೂ ಪಕ್ಷ ಯಂತ್ರವನ್ನು ಮುಚ್ಚಳ ತೆರೆಯದೆಯೇ ಚರ್ಚಿಸುತ್ತಿವೆ ಎಂಬುದು ಅವರಿಗೆ ಕಾಣುವುದೇ ಇಲ್ಲ. ಉಜ್ಜುವ, ಕಲ್ಲಿಗೆ ಬಡಿಯುವ ಕಷ್ಟವನ್ನು ಸೆಮಿಯೂ ತಪ್ಪಿಸುತ್ತದೆ. ವ್ಯತ್ಯಾಸ ಉಳಿಯುವುದು ಎತ್ತಿ ಹಾಕುವುದರಲ್ಲಿ. ಬೆನ್ನುನೋವಿನವರಿಗೆ ಅದು ಸಣ್ಣ ವ್ಯತ್ಯಾಸವಲ್ಲ. ಆದರೆ ಹಿಂಡದೆ ನಿಂತ ಫ್ರಂಟ್ ಲೋಡಿನಿಂದ ನೀರು ಸುರಿಯುವ ರಗ್ಗನ್ನು ಎಳೆದು ತೆಗೆಯುವುದೂ ಎತ್ತುವ ಕೆಲಸವೇ, ಅದು ಯಾವ ವಿಮರ್ಶೆಯ ಲೆಕ್ಕದಲ್ಲೂ ಬಂದಿಲ್ಲ. ಇತ್ತ ಒಗೆಯುವ ಕಲ್ಲನ್ನು ಹಾಡಿ ಹೊಗಳುವ ಹಳ್ಳಿಮೋಹದ ಬರಹಗಾರರಿದ್ದಾರೆ. ಆಷಾಢದ ಮಳೆಯಲ್ಲಿ ಆ ಕಲ್ಲಿನ ಮುಂದೆ ನಿಂತವರು ಅಂಥ ಬರಹ ಬರೆದದ್ದಿಲ್ಲ. ಇನ್ನೊಂದು ಗುಂಪು ವಿನ್ಯಾಸ ಚಿಂತಕ ಡೊನಾಲ್ಡ್ ನಾರ್ಮನ್ನರ ಹೆಸರು ಹೇಳಿ, ಗುಂಡಿಗಳು ಕಡಿಮೆಯಾದರೆ ವಿನ್ಯಾಸ ಸುಧಾರಿಸಿತೆನ್ನುತ್ತದೆ. 1988ರ ಅವರ ಪುಸ್ತಕದ ಒತ್ತು, ಯಂತ್ರ ಏನು ಮಾಡುತ್ತಿದೆ ಎಂದು ಬಳಸುವವರಿಗೆ ಕಾಣಬೇಕು ಎನ್ನುವುದರ ಮೇಲಿತ್ತು. ಒಂದೇ ಗುಂಡಿಯ 'ಎಐ ವಾಶ್' ಆ ಕಾಣ್ಕೆಯನ್ನೇ ಕಿತ್ತುಕೊಂಡಿದೆ.

ಬೇಸಿಗೆಯಲ್ಲಿ, ಬಾವಿ ತಳ ಕಂಡಾಗ, ಕಡಿಮೆ ನೀರಿನಲ್ಲಿ ಮುಗಿಸುವ ಫ್ರಂಟ್ ಲೋಡ್ ಮೇಲು ಎನ್ನಬಹುದು. ಸೆಮಿಯಲ್ಲಿ ಒಂದೇ ಸೋಪಿನ ನೀರಿಗೆ ಮೊದಲು ಬಿಳಿಯದು, ಆಮೇಲೆ ಬಣ್ಣದ್ದು, ಕಡೆಗೆ ತೋಟದ ಬಟ್ಟೆ ಹಾಕುವ ಮನೆಗಳಲ್ಲಿ ಆ ಮೇಲುಗೈಯೂ ಅಷ್ಟು ದೊಡ್ಡದಲ್ಲ. ಕೆಟ್ಟರೆ? ಸೆಮಿಯಲ್ಲಿ ಹೋಗುವುದು ಬೆಲ್ಟು, ಕೆಪಾಸಿಟರ್, ಬ್ರೇಕಿನ ತಂತಿ. ಪೇಟೆಯ ಮೋಟಾರು ರಿಪೇರಿಯವನಿಗೆ ಅಪರಿಚಿತವಾದದ್ದು ಯಾವುದೂ ಇಲ್ಲ. ಹೊಸ ಫ್ರಂಟ್ ಲೋಡ್‌ಗಳಲ್ಲಿ ಹಲವಕ್ಕೆ ಹೊರತೊಟ್ಟಿಯನ್ನು ಬೆಸೆದೇ ಬಿಟ್ಟಿರುತ್ತಾರೆ, ಬೇರಿಂಗ್ ಹೋದರೆ ಇಡೀ ತೊಟ್ಟಿ ಬದಲಿಸಬೇಕು. ಯುರೋಪಿನ ಒಕ್ಕೂಟ 2021ರ ಮಾರ್ಚಿನಿಂದ ಬಿಡಿಭಾಗಗಳನ್ನು ಕನಿಷ್ಠ 10 ವರ್ಷ ಒದಗಿಸಬೇಕೆಂದು ನಿಯಮ ಮಾಡಿತು, ಆದರೆ ಬೇರಿಂಗನ್ನು ಡ್ರಮ್ಮಿನ ಜೊತೆ ಗಂಟುಕಟ್ಟಿ ಮಾರಲೂ ಅದೇ ನಿಯಮ ಅವಕಾಶ ಕೊಟ್ಟಿದೆ. ನಮ್ಮಲ್ಲಿ 2022ರ ಡಿಸೆಂಬರಿನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಪೋರ್ಟಲ್ಲಿನಿಂದ ಬೆಸುಗೆ ಬಿಡುವುದಿಲ್ಲ.

ಸೆಮಿ ತಯಾರಕರನ್ನು ಹಾಗೆಂದು ಸುಮ್ಮನೆ ಬಿಡುವಂತಿಲ್ಲ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 7 ಕೆ.ಜಿ., 8 ಕೆ.ಜಿ. ಎಂದು ಹಾಕುವುದು ಒಗೆಯುವ ತೊಟ್ಟಿಯ ಲೆಕ್ಕ. ಹಿಂಡುವ ತೊಟ್ಟಿಗೆ ಹಿಡಿಯುವುದು ಅದಕ್ಕಿಂತ ಕಡಿಮೆ. ದೊಡ್ಡ ರಗ್ಗು ಅದರೊಳಗೆ ಇಳಿಯುವುದೇ ಇಲ್ಲ. ಒಗೆಯುವ ಬದಿಯನ್ನು ಹಿಗ್ಗಿಸುತ್ತ ಹೋಗಿ, ಘಟ್ಟದ ಮೇಲಿನವರು ನಿಜಕ್ಕೂ ದುಡ್ಡು ಕೊಡುವ ಬದಿಯನ್ನು ಇದ್ದಷ್ಟಕ್ಕೇ ಬಿಟ್ಟಿದ್ದಾರೆ. ಕೊಳ್ಳುವವರು ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಆ ಎರಡನೆಯ ಅಂಕಿಯನ್ನು.