ಕರ್ಣನ ತ್ಯಾಗದ ಮೂಲ

ನಮ್ಮ ಸಂಘದಲ್ಲಿ ಗಮಕವಾಚನವೊಂದು ಮುಗಿದ ತರುವಾಯ ಮಿತ್ರರಿಬ್ಬರಲ್ಲಿ ಕರ್ಣನನ್ನು ಕುರಿತು ವಾದವು ಹುಟ್ಟಿತು. ಅವನಂತಹ ನಿಃಸ್ವಾರ್ಥಿಯು ಭಾರತದಲ್ಲಿಯೇ ಇಲ್ಲವೆಂದು ಒಬ್ಬರೆಂದರು. ಮತ್ತೊಬ್ಬರು ನಕ್ಕು, “ಅವನು ಕೊಟ್ಟುದು ಕೀರ್ತಿಗಾಗಿ, ಕಾದಿದುದು ಉಂಡ ಅನ್ನಕ್ಕಾಗಿ. ಕೀರ್ತಿಯೂ ಒಂದು ಬಗೆಯ ಕೂಲಿಯೇ ಅಲ್ಲವೆ?” ಎಂದು ಕೇಳಿದರು. ಸಭೆಯು ನಗೆಯಲ್ಲಿ ಮುಗಿಯಿತು, ಪ್ರಶ್ನೆಯು ಮುಗಿಯಲಿಲ್ಲ. ಮನುಷ್ಯನನ್ನು ನಡೆಸುವುದು ಸ್ವಾರ್ಥವೊಂದೇ ಎಂಬ ಮಾತು ಕರ್ಣನ ವಿಷಯದಲ್ಲಿ ನಿಜವಾದರೆ ನಮ್ಮೆಲ್ಲರ ವಿಷಯದಲ್ಲಿಯೂ ನಿಜವಾಗುವುದು. ಆದುದರಿಂದ ಕಾವ್ಯಗಳನ್ನೇ ಸಾಕ್ಷಿಗೆ ಕರೆದು ವಿಚಾರಿಸುವುದು ಉಚಿತವೆಂದು ತೋರುತ್ತದೆ.

ಮೊದಲು ಕವಚಕುಂಡಲಗಳ ಪ್ರಸಂಗವನ್ನು ತೆಗೆದುಕೊಳ್ಳೋಣ. ವ್ಯಾಸಭಾರತದ ವನಪರ್ವದಲ್ಲಿ ಸೂರ್ಯನು ಮುಂದಾಗಿಯೇ ಬಂದು ಕರ್ಣನನ್ನು ಎಚ್ಚರಿಸುವನು. ಕರ್ಣನಾದರೋ ಪ್ರಾಣಕ್ಕಿಂತ ಕೀರ್ತಿಯೇ ತನಗೆ ಮೇಲೆಂದು ಬಾಯಿಬಿಟ್ಟು ಹೇಳುವನು. ಇಂದ್ರನು ಬಂದಾಗ, ಸೂರ್ಯನ ಉಪದೇಶದಂತೆ, ಕವಚಕ್ಕೆ ಪ್ರತಿಯಾಗಿ ಶಕ್ತ್ಯಾಯುಧವನ್ನು ಕೇಳಿ ಪಡೆಯುವನು. ಇಲ್ಲಿ ನಮ್ಮ ಎರಡನೆಯ ಮಿತ್ರರ ಪಕ್ಷವು ಬಲವಾಗಿದೆಯೆಂದು ಒಪ್ಪಲೇಬೇಕು. ದಾನವೇನೋ ದೊಡ್ಡದು, ಆದರೆ ಅದರ ಒಂದು ಕಡೆ ಕೀರ್ತಿಯೂ ಮತ್ತೊಂದು ಕಡೆ ಆಯುಧವೂ ನಿಂತಿವೆ.

ಪಂಪನು ಇದೇ ಕಥೆಯನ್ನು ವಿಕ್ರಮಾರ್ಜುನ ವಿಜಯದ ಮೊದಲನೆಯ ಆಶ್ವಾಸದಲ್ಲಿ ಬಹು ಸಂಕ್ಷೇಪವಾಗಿ ಹೇಳಿ ಅದರ ಸ್ವರೂಪವನ್ನೇ ಮಾರ್ಪಡಿಸಿರುವನು. ಅಲ್ಲಿ ಚೌಕಾಸಿಯಿಲ್ಲ, ಬದಲು ಬೇಡುವ ಮಾತಿಲ್ಲ, ನೋವಿನ ದನಿಯೂ ಇಲ್ಲ. ನೆತ್ತರು ಸುರಿಯುತ್ತಿರಲು ಮೈಯಿಂದ ಕವಚವನ್ನು ಸುಲಿದು ಕೊಡುವನು, ಅಷ್ಟೆ. ಇಂದ್ರನು ಆ ಕಲಿತನಕ್ಕೆ ಮೆಚ್ಚಿ, ಕೇಳದೆಯೇ ಶಕ್ತಿಯನ್ನು ಕೊಡುವನು. ಪಡೆದ ವಸ್ತುವು ಎರಡು ಕಾವ್ಯಗಳಲ್ಲಿಯೂ ಒಂದೇ. ಆದರೆ ಒಂದರಲ್ಲಿ ಅದು ಬೆಲೆ, ಮತ್ತೊಂದರಲ್ಲಿ ಮೆಚ್ಚು. ಫಲವು ಬಂದಿತೆಂಬ ಮಾತ್ರದಿಂದ ಫಲಕ್ಕಾಗಿಯೇ ಮಾಡಿದನೆಂದು ಹೇಳಲಾಗದೆಂಬುದನ್ನು ಪಂಪನು ಈ ಸಣ್ಣ ಮಾರ್ಪಾಡಿನಿಂದ ನಮಗೆ ತಿಳಿಸಿರುವನು.

ಇನ್ನು ಅನ್ನದ ಋಣದ ಮಾತು. ಒಡೆಯನ ಜೋಳವನ್ನುಂಡವನು ಅವನಿಗಾಗಿ ಪ್ರಾಣ ಕೊಡಬೇಕೆಂಬ ‘ಜೋಳವಾಳಿ’ಯು ಕನ್ನಡ ನಾಡಿನ ವೀರಜೀವನದ ದೊಡ್ಡ ಕಟ್ಟಳೆಯಾಗಿದ್ದಿತು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಶಾಸನಸ್ತಂಭವು ಇಮ್ಮಡಿ ಬಲ್ಲಾಳನೊಡನೆ ಪ್ರಾಣವನ್ನು ನೀಗಿದ ಕುವರಲಕ್ಷ್ಮನನ್ನು ಇಂದಿಗೂ ನೆನಪಿಗೆ ತರುತ್ತಿದೆ. ಇದನ್ನು ಬರಿಯ ಸಾಲ ತೀರಿಸುವ ವ್ಯವಹಾರವೆಂದು ಬಗೆಯುವವರು ಪಂಪನ ಒಂಬತ್ತನೆಯ ಆಶ್ವಾಸವನ್ನು ನೋಡಬೇಕು. ಕೃಷ್ಣನು ಜನ್ಮರಹಸ್ಯವನ್ನು ತಿಳಿಸಿ ಪಾಂಡವರ ಕಡೆಗೆ ಕರೆದಾಗ ಕರ್ಣನ ನೆನಪಿಗೆ ಬರುವುದು ಅಂಗರಾಜ್ಯವೊಂದೇ ಅಲ್ಲ. ನೆತ್ತವಾಡಿ ಸೋತ ಭಾನುಮತಿಯೊಡನೆ ಪಣಕ್ಕಾಗಿ ಕಾಡುವಾಗ ಹಾರವು ಹರಿದು ಚೆಲ್ಲಿದ ಮುತ್ತುಗಳೂ, ಎಳ್ಳಷ್ಟೂ ಸಂಶಯಪಡದೆ ಅವನ್ನು ಆಯಲೆ ಎಂದು ಕೇಳಿದ ಗೆಳೆಯನೂ ನೆನಪಿಗೆ ಬರುವರು. ಅನ್ನಕ್ಕೆ ಪ್ರತಿಯಾಗಿ ಅನ್ನವನ್ನು ಕೊಡಬಹುದು. ನಂಬಿಕೆಗೆ ಪ್ರತಿಯಾಗಿ ಕೊಡತಕ್ಕ ನಾಣ್ಯವು ಯಾವುದು? ಅಂತಹವನನ್ನು ಬಿಟ್ಟುಬರುವುದು ಮನುಷ್ಯತನವಲ್ಲವೆಂಬುದೇ ಕರ್ಣನ ಉತ್ತರದ ತಿರುಳು.

ಆದರೂ ಮಿತ್ರರು ಬಿಡಲಾರರು. “ಗೆಳೆಯನನ್ನು ಬಿಟ್ಟರೆ ಅಪಕೀರ್ತಿ ಬರುತ್ತಿತ್ತು, ಆದುದರಿಂದ ಬಿಡಲಿಲ್ಲ” ಎನ್ನುವರು. ಅಪಕೀರ್ತಿಯ ಭಯವನ್ನು ವ್ಯಾಸರ ಕರ್ಣನು ತಾನೇ ಹೇಳಿರುವನು. ಪಂಪನ ಕರ್ಣನೂ ಕುಂತಿಯೆದುರಿನಲ್ಲಿ ಕೀರ್ತಿಯ ಮಾತನ್ನು ಮರೆತಿಲ್ಲ. ಮನುಷ್ಯನ ಮನಸ್ಸಿನಲ್ಲಿ ಇಂತಹ ಎಳೆಗಳು ಕೂಡಿಯೇ ಇರುವುವು. ಹಾಗಾದರೆ ಯಾವ ಎಳೆಯು ಭಾರವನ್ನು ಹೊತ್ತಿದೆಯೆಂದು ತಿಳಿಯುವುದು ಹೇಗೆ? ಕೂಲಿಯನ್ನು ತೆಗೆದುಬಿಟ್ಟು ನೋಡಬೇಕು. ಉದ್ಯೋಗಪರ್ವದಲ್ಲಿ ಕರ್ಣನು ಕೃಷ್ಣನಲ್ಲಿ ಬೇಡುವುದೇನು? ಈ ಮಾತುಕತೆಯನ್ನು ಗುಟ್ಟಾಗಿ ಇಡಬೇಕೆಂದು. ತಾನು ಅಣ್ಣನೆಂದು ಧರ್ಮರಾಯನು ತಿಳಿದರೆ ರಾಜ್ಯವನ್ನು ಸ್ವೀಕರಿಸನು, ಅದು ತನಗೆ ಬಂದರೆ ತಾನು ದುರ್ಯೋಧನನಿಗೇ ಒಪ್ಪಿಸುವೆನು, ಆದುದರಿಂದ ತಿಳಿಯಬಾರದು. ಕೀರ್ತಿಯೊಂದನ್ನೇ ಬಯಸುವವನು ಹೀಗೆ ಬೇಡುವನೆ? ಕುಂತಿಯ ಹಿರಿಯ ಮಗನು ಸ್ನೇಹಕ್ಕಾಗಿ ಸಾಮ್ರಾಜ್ಯವನ್ನೇ ನೂಕಿದನೆಂಬುದಕ್ಕಿಂತ ದೊಡ್ಡ ಕೀರ್ತಿಯುಂಟೆ? ಸೂತಪುತ್ರನೆಂದು ಜನ್ಮವೆಲ್ಲ ಹಳಿಸಿಕೊಂಡವನಿಗೆ ಆ ಹಳಿವನ್ನು ಒಂದೇ ಮಾತಿನಿಂದ ತೊಳೆದುಕೊಳ್ಳುವ ಅವಕಾಶವು ಬಂದಿದ್ದಿತು. ತನ್ನ ಅತಿ ದೊಡ್ಡ ತ್ಯಾಗವನ್ನು ಯಾರೂ ಅರಿಯದಂತೆ, ಅದೂ ಎದುರಾಳಿಯ ಹಿತವನ್ನು ನೆನೆದು, ಮುಚ್ಚಿಟ್ಟನು. ಕೀರ್ತಿಯೆಂಬ ಕೂಲಿಯು ಇಲ್ಲಿ ಕಳಚಿ ಬಿದ್ದಿತು; ಕರ್ಣನು ಮಾತ್ರ ನಿಂತೇ ಇರುವನು.

ಹಾಗೆಂದು ಮೊದಲನೆಯ ಮಿತ್ರರು ಗೆದ್ದರೆಂದು ಹಿಗ್ಗಬೇಕಾದುದಿಲ್ಲ. ಪರಾರ್ಥವೆಂದ ಮಾತ್ರಕ್ಕೆ ಅದು ಧರ್ಮವಾಗದು. ದ್ಯೂತಸಭೆಯಲ್ಲಿ ದ್ರೌಪದಿಯನ್ನು ಕುರಿತು ಕರ್ಣನು ಆಡಿದ ಮಾತುಗಳನ್ನು ಯಾವ ಸಹೃದಯನೂ ಕ್ಷಮಿಸಲಾರನು. ದುರ್ಯೋಧನನನ್ನು ಮೆಚ್ಚಿಸಲೆಂದು ಪಾಂಡವರಿಗೆ ಕಟುವಾಗಿ ಆಡಿದೆನೆಂದೂ ಅದಕ್ಕಾಗಿ ಈಗ ಬೇಯುತ್ತಿರುವೆನೆಂದೂ ಅದೇ ಉದ್ಯೋಗಪರ್ವದಲ್ಲಿ ಅವನು ಕೃಷ್ಣನೊಡನೆ ಒಪ್ಪಿಕೊಳ್ಳುವನು. ತನಗಾಗಿ ಏನನ್ನೂ ಬೇಡದವನು ತನ್ನವನಿಗಾಗಿ ಪರರನ್ನು ನೋಯಿಸಲು ಹಿಂಜರಿಯಲಿಲ್ಲ. ಸ್ವಾರ್ಥಿಯ ತಪ್ಪನ್ನು ಲೋಕವು ಬೇಗ ಗುರುತಿಸುವುದು. ನಿಃಸ್ವಾರ್ಥಿಯ ತಪ್ಪಿಗೆ ಸೇವೆಯ ಹೊದಿಕೆಯಿರುವುದರಿಂದ ಅವನಿಗೂ ಅದು ಕಾಣುವುದು ತಡವಾಗಿಯೇ. ಯಾರಿಗಾಗಿ ಎಂಬ ಪ್ರಶ್ನೆಯ ಬಳಿಕ ಯಾವುದಕ್ಕಾಗಿ ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ಕರ್ಣನು ಅದನ್ನು ಕೇಳಿಕೊಳ್ಳಲಿಲ್ಲ. ಅವನ ದುರಂತವು ಅಲ್ಲಿರುವುದು.

ಕಡೆಗೆ ಕವಿಯನ್ನೂ ಇದೇ ಒರೆಗೆ ಹಚ್ಚಬಹುದು. ಪಂಪನು ಅರಿಕೇಸರಿಯ ಆಶ್ರಿತನು. ಒಡೆಯನನ್ನು ಅರ್ಜುನನಲ್ಲಿ ಬೆರೆಸಿ ಹೊಗಳಿದನು. ಧರ್ಮವುರವೆಂಬ ಅಗ್ರಹಾರವನ್ನೂ ಪಡೆದನು. ಕೂಲಿಯ ಕಾವ್ಯವೆನ್ನಲು ಇನ್ನೇನು ಬೇಕು? ಆದರೆ ಅದೇ ಕಾವ್ಯದಲ್ಲಿ ಅರ್ಜುನನ ಬಾಣದಿಂದ ಕರ್ಣನು ಬಿದ್ದ ಗಳಿಗೆಯಲ್ಲಿ, ಭಾರತದಲ್ಲಿ ಒಬ್ಬನನ್ನು ನೆನೆಯುವುದಾದರೆ ಕರ್ಣನನ್ನೇ ನೆನೆಯಬೇಕೆಂದು ಹಾಡಿದನು. ಒಡೆಯನು ಗೆದ್ದ ಹೊತ್ತಿನಲ್ಲಿ ಸೋತ ವೈರಿಯನ್ನು ಹೀಗೆ ಹೊಗಳುವುದರಿಂದ ಅವನಿಗೆ ಬರತಕ್ಕ ಲಾಭವೇನಿದ್ದಿತು? ಅಗ್ರಹಾರಕ್ಕಾಗಿ ಬರೆದ ಪದ್ಯಗಳು ಯಾವುವೋ ನಾವು ಅರಿಯೆವು. ಆ ಪದ್ಯವು ಮಾತ್ರ ಅಗ್ರಹಾರಕ್ಕಾಗಿ ಬರೆದುದಲ್ಲ. ಒಡೆಯನ ಋಣವನ್ನು ತೀರಿಸುತ್ತಲೇ ನನ್ನಿಯ ಕಡೆಗೂ ನಿಂತ ಪಂಪನು, ಕರ್ಣನಿಗೆ ಸಾಧ್ಯವಾಗದುದನ್ನು ತಾನು ಸಾಧಿಸಿರುವನೆಂದು ನಮಗೆ ತೋರುತ್ತದೆ. ಮಿತ್ರರಿಬ್ಬರೂ ಮುಂದಿನ ವಾಚನಕ್ಕೆ ಬರುವ ಮುನ್ನ ಆ ಪದ್ಯವನ್ನು ಇನ್ನೊಮ್ಮೆ ಓದಿಕೊಂಡು ಬರಲೆಂದು ಬಿನ್ನವಿಸುವೆವು.